ಕೆಂಪು ಬಳಿದ ಮರಗಳು

ಮಾರ್ಚ್ ೧೨, ಬುಧವಾರ

ಉಗುರಿನ ಸಂದಿಯ ಕೆಂಪು ಬಣ್ಣ ಇನ್ನೂ ಹೋಗಿಲ್ಲ.

ಕೆಂಪು ಬಳಿದ ಮರವನ್ನು ಕಡಿಯುವುದು ಅಪ್ಪನ ಕಾಲದಿಂದ ಬಂದ ರೂಢಿ. ಈಗ ಸರ್ಕಾರಿ ಕಾಡು ಕಂಪನಿಯ ಗುತ್ತಿಗೆಗೆ ಹೋಗಿದೆ. ಹೊಸ ಅರಣ್ಯ ನೀತಿಯ ಪ್ರಕಾರ ಬೀಜ ಉದುರಿಸಿ ಕಾಡು ಬೆಳೆಸುವ ಬೀಜದ ಮರಗಳಿಗೆ ಕೆಂಪು ಬಳಿದು ಉಳಿಸಬೇಕು, ಮಿಕ್ಕದ್ದನ್ನು ಕಡಿಯಬಹುದು. ಫಾರೆಸ್ಟ್ ಗಾರ್ಡ್ ಆದ ನಾನೇ ಬಳಿದೆ. ರೂಢಿ ಬದಲಾದದ್ದನ್ನು ಆಳುಗಳಿಗೆ ಕಂಪನಿ ಹೇಳುತ್ತದೆಂದು ನಾನು, ನಾನು ಹೇಳುತ್ತೇನೆಂದು ಕಂಪನಿ ಅಂದುಕೊಂಡೆವು. ಇವತ್ತು ಹೋಗಿ ನೋಡಿದರೆ ಬೀಜದ ಮರಗಳಷ್ಟೇ ನೆಲಕ್ಕುರುಳಿವೆ.

"ನೀವು ಬಳಿದಿದ್ದನ್ನೇ ಕಡಿದಿದೀವಲ್ಲಕ್ಕ," ಎಂದ ಮೇಸ್ತ್ರಿ, ಗರಗಸ ಒರೆಸುತ್ತ.

ಸಂಜೆ ನಮ್ಮ ರೇಂಜರ್ ಸಾಹೇಬರ ಫೋನ್. "ಆಗಿದ್ದಾಯ್ತು. ಉಳಿದಿರೋದ್ರಲ್ಲೇ ಬೇರೆ ಬೀಜದ ಮರ ಆರಿಸಿ ಬಳೀರಿ."

"ಎಷ್ಟು ಮರ ಸರ್?"

"ಅದು ನೀತಿಯಲ್ಲಿಲ್ಲ. ನಿಮಗೇ ಬಿಟ್ಟಿದ್ದು."

ನಾಳೆ ಮೊದಲು ಮೇಸ್ತ್ರಿಗೆ ಹೇಳಬೇಕು, ಕೆಂಪು ಇದ್ದದ್ದನ್ನು ಮುಟ್ಟಬೇಡ ಎಂದು. ಆಮೇಲೆ ಒಂದು ಮರವನ್ನೂ ಬಿಡದೆ ಬಳಿಯುತ್ತ ಹೋಗುವುದು. ಈಗಷ್ಟೇ ಡಬ್ಬಿ ಅಲ್ಲಾಡಿಸಿ ನೋಡಿದೆ. ಬಣ್ಣ ಬೇಕಾದಷ್ಟಿದೆ.