ಅಂಗೈಯಲ್ಲಿ ಅಲುಗಿದ್ದು

ನವೆಂಬರ್ 4, 2024. ಸೋಮವಾರ. ಬೆಳಿಗ್ಗೆ 7

ಪೂಜೆ ಮುಗಿಯಿತು. ಇವತ್ತೂ ಅಲುಗಿತು. ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ದೃಷ್ಟಿ ನೆಟ್ಟರೆ ಎರಡು ನಿಮಿಷಕ್ಕೆ ಮೆಲ್ಲಗೆ ಮಿಸುಕುತ್ತದೆ. ನಲವತ್ತು ವರ್ಷದ ಪೂಜೆಯಲ್ಲಿ ಆಗದ್ದು, ಶಿವಮ್ಮ ತೀರಿಕೊಂಡ ಮೇಲೆ, ಆಗಸ್ಟ್‌ನಿಂದ. ಹೆಂಡತಿ ಇಲ್ಲದವನ ಮೇಲೆ ಕರುಣೆ ಎಂದುಕೊಂಡೆ. ಅಕ್ಕ ಚಲುವಮ್ಮ ಪಕ್ಕದಲ್ಲಿ ಕೂತು ನೋಡಿ, "ಶಿವ ಬಂದವ್ನೆ ಕಣೋ" ಎಂದಳು. ಕೊಡ್ಲಿಪೇಟೆಗೆಲ್ಲ ಹೇಳಿಬಂದಳು. ನಾನು ಬಿ.ಎಸ್ಸಿ. ಎರಡನೇ ವರ್ಷದವರೆಗೆ ಓದಿದವನು. ಆದರೂ ಬೆನಿಫಿಟ್ ಆಫ್ ಡೌಟ್ ದೇವರಿಗೇ ಕೊಟ್ಟೆ.

ನವೆಂಬರ್ 6

ಅಂಗಿ ಗುಂಡಿ ಹಾಕಲು ಹತ್ತು ನಿಮಿಷ. ತೋಟದಲ್ಲಿ ಕಾಫಿ ಕೊಂಬೆ ಬಗ್ಗಿಸಿ ಹಿಡಿದೆ, ಬೆರಳು ಬಿಟ್ಟುಕೊಂಡಿತು. ಕೊಂಬೆ ಮುಖಕ್ಕೆ ಹೊಡೆಯಿತು. ತೋಟದ ಲೆಕ್ಕ ಬರೆಯುವ ರೈಟರ್ ಚಂದ್ರು ನಕ್ಕ. ನಿಮ್ಮ ಕೈಗೆ ದೇವಸ್ಥಾನದಲ್ಲಿ ಕೆಲಸ ಸಿಕ್ಕಿದೆ, ತೋಟಕ್ಕೆ ಇನ್ನು ಬರಲ್ಲ ಬಿಡಿ ಎಂದ. ನಾನೂ ನಕ್ಕೆ.

ಸಂಜೆ ಸೊಸೆ ಶಾಂಭವಿ ಕಾಫಿ ಕೊಡುವಾಗ ಕೈ ನೋಡಿದಳು. "ಮಾವ, ಇಲ್ಲೇನು ಗುಳಿ ಬಿದ್ದೈತೆ?"

ಹೆಬ್ಬೆರಳಿನ ಬುಡ. ಚಮಚದಲ್ಲಿ ತೋಡಿದ ಹಾಗೆ. ಇಷ್ಟು ದಿನ ಲಿಂಗ ನೋಡಿದೆ, ಅಂಗೈ ನೋಡಲಿಲ್ಲ...

ನವೆಂಬರ್ 14. ಮೈಸೂರಿನಿಂದ ಬಂದು

ಮಗ ಮಂಜೇಶ್ ಕರೆದುಕೊಂಡು ಹೋದ. ಡಾಕ್ಟರು ಚಿಕ್ಕ ವಯಸ್ಸಿನವರು. ಅಂಗಿ ಬಿಚ್ಚಿಸಿ ಸುಮ್ಮನೆ ನೋಡುತ್ತ ನಿಂತರು. ಭುಜದಲ್ಲೂ ಮಿಸುಕುತ್ತಿದೆಯಂತೆ, ತೊಡೆಯಲ್ಲೂ. ಯಾವಾಗಿನಿಂದ? ಆಗಸ್ಟ್. ಮೂರು ತಿಂಗಳು ಯಾಕೆ ಸುಮ್ಮನಿದ್ದಿರಿ? ದೇವರು ಅಂದುಕೊಂಡಿದ್ದೆ ಎನ್ನದೆ, ತೋಟದ ಕೆಲಸ ಎಂದೆ.

ಸ್ನಾಯು ಪರೀಕ್ಷೆಗೆ ಕೈಗೆ ಸೂಜಿ ಚುಚ್ಚಿದರು. ಮೆಷಿನ್‌ನಲ್ಲಿ ನನ್ನ ಮಾಂಸದ ಸದ್ದು. ಒಗ್ಗರಣೆಯ ಸಾಸಿವೆಯಂತೆ ಚಟಪಟ.

ಚೀಟಿಯಲ್ಲಿ ಬರೆದಿದ್ದಾರೆ: ಎಂಎನ್‌ಡಿ, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಮೋಟರ್ ನ್ಯೂರಾನ್ ಡಿಸೀಸ್, ಸ್ನಾಯು ಆಡಿಸುವ ನರ ಸಾಯುವ ಕಾಯಿಲೆ. ಕತ್ತಿನ ನರ ಒತ್ತಿಕೊಂಡಿದ್ದರೂ ಸ್ವಲ್ಪ ಹೀಗೇ ಕಾಣಬಹುದಂತೆ. ಕತ್ತಿನ ಸ್ಕ್ಯಾನ್, ರಕ್ತ, ಎಲ್ಲ ಸೇರಿಸಿ ಡಿಸೆಂಬರ್ ಎರಡಕ್ಕೆ ಹೇಳುತ್ತಾರೆ. ಕತ್ತಾದರೆ ಆಪರೇಷನ್. ಎಂಎನ್‌ಡಿ ಆದರೆ ಮೊದಲು ಕೈ ಹೋಗುತ್ತದೆ, ಆಮೇಲೆ ಕಾಲು, ಮಾತು, ನುಂಗುವುದು, ಉಸಿರು. ಬುದ್ಧಿ ಮಾತ್ರ ಕೂತು ನೋಡುತ್ತಿರುತ್ತದೆ. ಮಂಜೇಶ್ ಮೊಬೈಲ್‌ನಲ್ಲಿ ಓದಿದ.

ಹೋಪ್ ಎಗೇನ್ಸ್ಟ್... ಮುಂದಿನದು ಮರೆತೆ.

ನವೆಂಬರ್ 24. ಭಾನುವಾರ

ಹತ್ತು ದಿನ ಬರೆಯಲಿಲ್ಲ. ಗುಂಡಿ ಹಾಕಿ ನೋಡುವುದು, ಲೋಟ ಎತ್ತಿ ನೋಡುವುದು. ದಿನಕ್ಕೆ ನಲವತ್ತು ಸಲ ಎಕ್ಸಾಮ್. ಒಮ್ಮೆ ಪಾಸು, ಒಮ್ಮೆ ಫೇಲು.

ಇವತ್ತು ಪೂಜೆ ಹೊತ್ತಿಗೆ ಅಕ್ಕ ಪದ್ಮಯ್ಯನನ್ನು ಕರೆತಂದಳು. ಪೇಟೆಯಲ್ಲಿ ಜವಳಿ ಅಂಗಡಿಯವನು. ಹೆಂಡತಿಗೆ ಕಿಡ್ನಿ ಹೋಗಿ ಒಂದು ವರ್ಷ. ಎದುರು ಕೂತು ಕೈ ಮುಗಿದ. ನನ್ನ ಅಂಗೈ ಮಿಸುಕಿತು, ಲಿಂಗ ಅಲುಗಿತು. ಅವನ ಕಣ್ಣಲ್ಲಿ ನೀರು. "ಜವರಪ್ಪನೋರೇ, ನಮ್ಮೋಳ್ನ ಒಂದ್ಸಲ ಕರ್ಕೊಂಡು ಬತ್ತೀನಿ. ನೋಡ್ಬುಟ್ರೆ ಸಾಕು."

ಬೇಡ ಎನ್ನಬೇಕಿತ್ತು. ಬನ್ನಿ ಎಂದೆ. ಯಾಕೆ? ನೋಡುವಷ್ಟು ಹೊತ್ತು ಅವನು ನಂಬಿದ್ದ. ಅವನ ಜೊತೆ ನಾನೂ ಅರ್ಧ ನಂಬಿದ್ದೆ. ಇದೊಂದು ಚೀಟಿಂಗ್.

ನವೆಂಬರ್ 26

ಅಕ್ಕನಿಗೆ ಹೇಳಿಬಿಟ್ಟೆ. ಚೀಟಿ ತೋರಿಸಿದೆ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಡಲಿಲ್ಲ.

"ಕಾಯ್ಲೆನೇ ಆಗಿರ್ಲಿ. ಕುಣ್ಸೋನು ಯಾರು?"

ಹಾಗಾದರೆ ನನಗೂ ಅವನಿಗೂ ಜಗಳ ಎಂದೆ. ಆಡು ಎಂದಳು. ಶಿವಮ್ಮನ ಅಂಗೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡಿದೆವು. ಅವಳ ಬೆರಳು ಮಡಚಿದವನು ನಾನು. ನನ್ನವು ಈಗಲೇ ಮಡಚುತ್ತಿಲ್ಲ.

ಆಮೇಲೆ ನೋಡಿದೆ. ಅಕ್ಕ ಅದೇ ಹಿಡಿ ಅಕ್ಕಿಯನ್ನು ಮೂರನೇ ಸಲ ಆರಿಸುತ್ತಿದ್ದಳು.

ಡಿಸೆಂಬರ್ 2. ಬೆಳಿಗ್ಗೆ 6.20

ಹನ್ನೊಂದಕ್ಕೆ ಮೈಸೂರು. ಮಂಜೇಶ್ ಎರಡು ಸಲ ಹಾರ್ನ್ ಹೊಡೆದ. ಇವತ್ತು ಪೂಜೆಯಲ್ಲಿ ಒಂದೇ ಬೇಡಿಕೆ — ಅಲುಗಬೇಡ. ಬರಬೇಡ ಎಂದು ದೇವರನ್ನು ಬೇಡಿದ ಮೊದಲ ಮನುಷ್ಯ ನಾನೇ ಇರಬೇಕು. ಕೇಳಲಿಲ್ಲ.

ಹೊರಗೆ ಆಟೋ. ಪದ್ಮಯ್ಯ ಹೆಂಡತಿಯನ್ನು ಎತ್ತಿಕೊಂಡೇ ಬಂದು ಜಗುಲಿಯಲ್ಲಿ ಕೂರಿಸಿದ್ದಾನೆ. ಊದಿದ ಮುಖ. ಒಳಬಾಗಿಲ ಕಡೆಗೇ ಕೈ ಮುಗಿದುಕೊಂಡಿದ್ದಾಳೆ. ಅಕ್ಕ ನನ್ನನ್ನೇ ನೋಡುತ್ತಿದ್ದಾಳೆ.

ಹೇಳಿಬಿಡುತ್ತೇನೆ. ಎದುರು ಕೂತು, ಕೈ ಚಾಚಿ — ತಾಯೀ, ಇದು ಶಿವನಲ್ಲ, ಇದು ನನ್ನ ಕಾಯಿಲೆ.