ಮಾರ್ಕಿಲ್ಲದ ಪೈಪು

೧೪ ನವೆಂಬರ್ ೧೯೮೩, ಸೋಮವಾರ

ಇವತ್ತು ಏಳು ಮನೆ. ಐದು ಹೊಸ ಗ್ಯಾಸ್ ಕನೆಕ್ಷನ್, ಎರಡು ಕಂಪ್ಲೇಂಟ್. ಸೈಕಲ್ ಚೈನು ಎರಡು ಸಲ ಕಳಚಿತು.

ಹೊಸದಾಗಿ ಬಂದ ರಬ್ಬರ್ ಪೈಪಿನ ಮೇಲೆ ಐಎಸ್‌ಐ ಮಾರ್ಕ್ ಇಲ್ಲ. ಬಗ್ಗಿಸಿದರೆ ಬಿಳಿ ಗೆರೆ ಏಳುತ್ತದೆ. ಏಜೆನ್ಸಿಯ ಯಜಮಾನರಾದ ಮುಕುಂದಯ್ಯನವರಿಗೆ ತೋರಿಸಿದೆ.

"ನಾಗರಾಜಪ್ಪ, ನೀನು ಮೆಕ್ಯಾನಿಕ್ಕೋ ಇಂಜಿನಿಯರ್ರೋ? ಸುಮ್ನೆ ಹಾಕ್ಬಾ."

ಹಾಕಿ ಬಂದೆ.

ಕೊನೆಯ ಮನೆ ಅಣಲೇಕೊಪ್ಪದ ಪುಷ್ಪಮ್ಮನವರದು. ಗಂಡ ಸುಬ್ಬರಾಯರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಸೋಪಿನ ನೀರು ಸವರಿ, ಗುಳ್ಳೆ ಎದ್ದರೆ ಗ್ಯಾಸ್ ಸೋರುತ್ತಿದೆ ಎಂದು ತಿಳಿಯುವುದನ್ನು ತೋರಿಸಿಕೊಟ್ಟೆ. ಪುಷ್ಪಮ್ಮ ಎರಡು ಸಲ ತಾವೇ ಮಾಡಿ ನೋಡಿದರು. "ಪೈಪು ಗಟ್ಟಿ ಇದ್ಯಲ್ರೀ?" ಎಂದು ಕೇಳಿದರು. ಇದೆ ಎಂದೆ.

೯ ಫೆಬ್ರವರಿ ೧೯೮೪, ಗುರುವಾರ

ಪುಷ್ಪಮ್ಮನವರ ಮನೆಗೆ ಬೆಂಕಿ ಬಿತ್ತು. ಬೆಳಿಗ್ಗೆ ಎಂಟಕ್ಕೆ. ಅವರ ಎರಡೂ ಕೈ, ಕುತ್ತಿಗೆ, ಒಂದು ಕೆನ್ನೆ ಸುಟ್ಟಿದೆ. ಆಸ್ಪತ್ರೆಯಲ್ಲಿದ್ದಾರೆ. ಜೀವಕ್ಕೇನೂ ಇಲ್ಲವಂತೆ. ಜೀವಕ್ಕೇನೂ ಇಲ್ಲ — ಎಂಥ ಮಾತು!

ಮನೆ ನೋಡಿ ಬರಲು ಮುಕುಂದಯ್ಯ ನನ್ನನ್ನೇ ಕಳಿಸಿದರು. ಪಕ್ಕದ ಮನೆಯವರು ಒದ್ದೆ ಗೋಣಿ ಹೊದಿಸಿ ರೆಗ್ಯುಲೇಟರ್ ಬಂದ್ ಮಾಡಿದ್ದರು, ಬೇರೇನೂ ಮುಟ್ಟಿರಲಿಲ್ಲ. ಒಲೆಯ ನಾಬ್ ಎರಡೂ ಬಂದ್. ಕೈಯಿಟ್ಟು ನೋಡಿದೆ. ಪೈಪು ಅರ್ಧ ಸುಟ್ಟಿದೆ, ಉಳಿದ ಅರ್ಧದಲ್ಲೂ ಉದ್ದುದ್ದ ಸೀಳು. ಗ್ಯಾಸ್ ನೆಲ ಹಿಡಿದು ಹರಿದು ಪಕ್ಕದ ಬಚ್ಚಲಿನ ಹಂಡೆ ಒಲೆಯ ಬೆಂಕಿ ಮುಟ್ಟಿದೆ. ಬಚ್ಚಲ ಹೊಗೆಯಲ್ಲಿ ವಾಸನೆ ತಿಳಿದಿಲ್ಲ. ಪುಷ್ಪಮ್ಮ ಗ್ಯಾಸ್ ಹಚ್ಚಿರಲೇ ಇಲ್ಲ. ನೆಲ ಒರೆಸುತ್ತಿದ್ದರು, ಅಷ್ಟೆ.

ಉಳಿದ ಪೈಪನ್ನು ಕತ್ತರಿಸಿ ಚೀಲಕ್ಕೆ ಹಾಕಿಕೊಂಡೆ.

೧೦, ಶುಕ್ರವಾರ

ಮುಕುಂದಯ್ಯ ರಿಪೋರ್ಟ್ ಟೈಪ್ ಮಾಡಿಸಿಯೇ ಇಟ್ಟಿದ್ದರು. 'ಗ್ರಾಹಕರು ಒಲೆಯ ನಾಬ್ ತೆರೆದಿಟ್ಟು ಮರೆತಿದ್ದರಿಂದ...' ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

"ನಾಬ್ ಬಂದ್ ಇತ್ತಲ್ಲ ಅಯ್ಯಾ."

"ನೀನ್ ಕಂಡ್ಯಾ?"

"ನಾನೇ ಕಂಡಿದ್ದು. ನೀವೇ ಅಲ್ವಾ ಕಳ್ಸಿದ್ದು?"

"ಹೆಂಗಸ್ರು ಮರೀತಾರೆ ಮಾರಾಯ. ಒಂದು ಸೈನ್ ಹಾಕು. ಎಲ್ಲರಿಗೂ ಸುಲಭ."

ಎಲ್ಲರಿಗೂ! ಸುಟ್ಟುಕೊಂಡು ಮಲಗಿದವರು ಆ ಎಲ್ಲರಲ್ಲಿ ಇಲ್ಲ. ಪೆನ್ನನ್ನು ಮೇಜಿನ ಮೇಲೆ ಕುಕ್ಕಿ ಬಂದೆ.

ಮನೆಯಲ್ಲಿ ಹೇಳಿಕೊಂಡೆ. ನನ್ನ ಹೆಂಡತಿ ವರದಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ ಕೇಳಿದಳು: "ಆ ಪೈಪು ಹಾಕಿದ್ದು ಯಾರು?"

"ನಾನು."

"ಮತ್ತೆ ಬರೀ ಅವ್ರ ಮೇಲೆ ಹಾರಾಡ್ತೀರಲ್ಲ."

ಅವಳ ಮೇಲೆ ಸಿಟ್ಟು ಬಂತು. ಅಲ್ಲ... ಅವಳ ಮೇಲಲ್ಲ.

೧೩, ಸೋಮವಾರ

ಕೆಲಸದಿಂದ ತೆಗೆದರು. ತೆಗೆಯಲಿ. ಆ ಪೈಪು ಎಲ್ಲೆಲ್ಲಿ ಹಾಕಿದ್ದೇನೆಂದು ನೆನಪು ಮಾಡಿ ಬರೆದೆ. ಇಲ್ಲಿ ಸಾಗರದಲ್ಲಿ ಮೂವತ್ತೆಂಟು ಮನೆ, ಹೊಸನಗರದಲ್ಲಿ ಒಂಬತ್ತು. ಎಲ್ಲ ಕಡೆ ಹಾಕಿದ್ದು ಇದೇ ಕೈ.

೧೫, ಬುಧವಾರ

ಬೆಳಗಿನ ಬಸ್ಸಿಗೆ ಹೊಸನಗರ. ಆರು ಮನೆಯವರು ಒಳಗೆ ಬಿಟ್ಟರು. ನಾಲ್ಕು ಕಡೆ ಗುಳ್ಳೆ ಎದ್ದವು! ಪೈಪು ಕಿತ್ತು, ಮಾರ್ಕ್ ಇರುವುದು ಸಿಗುವ ತನಕ ಸೌದೆ ಒಲೆಯೇ ಇರಲಿ ಎಂದೆ. ಬೈದರು. ಬೈಸಿಕೊಂಡೆ.

ಸಾಗರದಲ್ಲಿ ಬಾಗಿಲೇ ತೆಗೆಯುವುದಿಲ್ಲ. ನಾಗರಾಜಪ್ಪ ಪಾರ್ಟು ಕದಿಯುತ್ತಾನೆ, ಒಳಗೆ ಬಿಡಬೇಡಿ ಎಂದು ಮುಕುಂದಯ್ಯ ಹೇಳಿ ಕಳಿಸಿದ್ದಾರೆ. ಹನ್ನೊಂದು ವರ್ಷ ಈ ಊರಿನ ಅಡಿಗೆಮನೆಗಳಲ್ಲಿ ಮಂಡಿಯೂರಿ ಕೆಲಸ ಮಾಡಿದವನು ಕಳ್ಳ!

೨೨, ಬುಧವಾರ

ಆಸ್ಪತ್ರೆಗೆ ಹೋದೆ. ಇದಕ್ಕೂ ಮೊದಲು ಮೂರು ಸಲ ಗೇಟಿನ ತನಕ ಹೋಗಿ ವಾಪಸು ಬಂದಿದ್ದೆ. ಇಲ್ಲಿ ಬರೆದಿರಲಿಲ್ಲ.

ಸುಬ್ಬರಾಯರು ಹೆಂಡತಿಗೆ ಗಂಜಿ ಕುಡಿಸುತ್ತಿದ್ದರು. ಕೈ ಗಂಜಿ ಕುಡಿಸುತ್ತಿತ್ತು, ಬಾಯಿ ಬಯ್ಯುತ್ತಿತ್ತು. "ಎಷ್ಟ್ ಸಲ ಹೇಳಿದ್ದೆ ಇವಳಿಗೆ, ನಾಬ್ ನೋಡು, ನಾಬ್ ನೋಡು ಅಂತ."

ಪುಷ್ಪಮ್ಮ ಗೋಡೆಯ ಕಡೆ ತಿರುಗಿದ್ದರು. "ಬಂದ್ ಮಾಡಿದ್ದೆ ಅಂತ್ಲೇ ನೆನಪು... ನಂಗೇ ಬುದ್ಧಿ ಇಲ್ಲ."

ಮಂಚದ ಹತ್ತಿರ ಹೋದೆ.

"ನಾಬ್ ಬಂದ್ ಇತ್ತು ರಾಯರೇ. ಪೈಪು ಸೀಳಿತ್ತು. ಕಳಪೆ ಪೈಪು. ಗೊತ್ತಿದ್ದೂ ಹಾಕಿದ್ದು ನಾನು."

ಚಮಚ ಕೆಳಗೆ ಬಿತ್ತು. ಸುಬ್ಬರಾಯರು ಎದ್ದು ನನ್ನ ಕಾಲರ್ ಹಿಡಿದರು. ಹೊಡೆಯಲಿ ಎಂದು ನಿಂತೆ.

"ಬಿಡ್ರೀ ಅವ್ರನ್ನ," ಎಂದರು ಪುಷ್ಪಮ್ಮ. ಆಮೇಲೆ ನನ್ನನ್ನೇ ನೋಡುತ್ತ, "ಹಂಗಾದ್ರೆ ನಾನು ಮರ್ತಿರ್ಲಿಲ್ಲ?"

"ಇಲ್ಲಮ್ಮಾ."

"ಇನ್ನೊಂದ್ಸಲ ಹೇಳಿ. ಇವ್ರಿಗೆ ಕೇಳೋ ಹಂಗೆ ಹೇಳಿ."

ಹೇಳಿದೆ. ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ. ಕ್ಷಮಿಸಿದೆ ಎಂದು ಅವರೂ ಅನ್ನಲಿಲ್ಲ. ಯಾಕೆ ಅನ್ನಬೇಕು?

೨೪, ಶುಕ್ರವಾರ

ತಾಲ್ಲೂಕು ಕಚೇರಿಯಲ್ಲಿ ಹೇಳಿಕೆ ಕೊಟ್ಟೆ, ಪೈಪಿನ ತುಂಡನ್ನೂ ಕೊಟ್ಟೆ. ಬರೆದುಕೊಂಡವರು ಸುಬ್ಬರಾಯರೇ. 'ಗೊತ್ತಿದ್ದೂ' ಎಂಬಲ್ಲಿ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಬರೀರಿ," ಎಂದೆ.

೨೬, ಭಾನುವಾರ. ಬೆಳಿಗ್ಗೆ ಹತ್ತು

ನಿನ್ನೆ ಸುಬ್ಬರಾಯರು ಮನೆಮನೆಗೆ ಹೋಗಿ ನಡೆದದ್ದನ್ನು ಹೇಳಿದರಂತೆ. ಏಜೆನ್ಸಿಯ ಮುಂದೆ ಜನ ಸೇರಿದ್ದರಂತೆ. ಮುಕುಂದಯ್ಯ ಈಗಲೂ 'ಹೆಂಗಸ್ರು ಮರೀತಾರೆ' ಎನ್ನುತ್ತಿದ್ದಾರಂತೆ — ನಾಚಿಕೆಯಿಲ್ಲದ ಮನುಷ್ಯ! ಮಂಗಳವಾರ ಗ್ಯಾಸ್ ಕಂಪನಿಯಿಂದ ಆಫೀಸರ್ ಬರುತ್ತಾರೆ. ನನ್ನ ಮೇಲೂ ಕೇಸು ಬೀಳಬಹುದು. ಬೀಳಲಿ.

ಇವತ್ತು ಸಾಗರದ ಮನೆಗಳನ್ನು ಜೋಗ ರಸ್ತೆಯ ಕಡೆಯಿಂದ ಶುರು ಮಾಡಿ...

ವರದಮ್ಮ ಕರೆಯುತ್ತಿದ್ದಾಳೆ. ಅಂಗಳದಲ್ಲಿ ಹೆಂಗಸರು, ಎಂಟೋ ಹತ್ತೋ ಮಂದಿ. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದಾರೆ. ಕೈಯಲ್ಲಿ ಪೈಪು. ತಾವೇ ಕಿತ್ತುಕೊಂಡು ಬಂದಿದ್ದಾರೆ, ದೇವರೇ! ರೆಗ್ಯುಲೇಟರ್ ಬಂದ್ ಮಾಡಿದ್ದಾರೋ ಇಲ್ಲವೋ, ಮೊದಲು ಅದನ್ನು ಕೇ—