ಹದಿನೇಳು ಮಂದಿಯ ಓಟು

ಸ್ಟ್ರೀಟ್ಸ್‌ವಿಲ್, ಮಿಸ್ಸಿಸಾಗಾ
18 ಆಗಸ್ಟ್ 2019, ಭಾನುವಾರ

ಪ್ರೀತಿಯ ನೀಲಾ,

ನೀನೂ ಪ್ರಮೋದರೂ ಆ ಸ್ಪೇನಿನ ದ್ವೀಪಕ್ಕೆ ಹೊಂದಿಕೊಂಡಿದ್ದೀರಿ ಎಂದು ನಿನ್ನ ಪತ್ರದಿಂದ ತಿಳಿದು ಸಮಾಧಾನವಾಯಿತು. ಇಲ್ಲಿ ರಮೇಶ, ಅಕ್ಷರಾ, ಅಪ್ಪ ಮಗಳಿಬ್ಬರೂ ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆದು, ಆ ಹಾಳೆ ಹರಿದು, ಇದನ್ನು ತೆಗೆದುಕೊಂಡೆ.

ನಿನ್ನ ಪತ್ರ ಬಂದು ಮೂರು ವಾರವಾಯಿತು. ದುರ್ಬೀನು ಕೇಂದ್ರದಲ್ಲಿ ಪ್ರಮೋದರ ಕೆಲಸ, ಬೆಟ್ಟದ ಮೇಲಿನ ಗಾಳಿ, ಬಾಳೆತೋಟ, ಎಲ್ಲ ಓದಿ ಖುಷಿಪಟ್ಟೆ. ಆಮೇಲೆ ಅಲ್ಲಿನ ದ್ವೀಪ ಪರಿಷತ್ತಿನ ಚುನಾವಣೆಯ ಸುದ್ದಿ ಬಂತು. ನಿಮ್ಮ ಪಕ್ಕದ ಮನೆಯಾಕೆ ಇಪ್ಪತ್ತು ವರ್ಷ ದ್ವೀಪದ ಸಣ್ಣ ಪಕ್ಷದಲ್ಲಿದ್ದು, ಮ್ಯಾಡ್ರಿಡ್ಡಿನ ದೊಡ್ಡ ಪಕ್ಷವನ್ನು ಬಾಯಿಗೆ ಬಂದಂತೆ ಬೈದು, ಎಣಿಕೆ ಮುಗಿದ ವಾರಕ್ಕೆ ಅವರ ಜೊತೆಯಲ್ಲೇ ಕೂತು ಅಧಿಕಾರ ಹಂಚಿಕೊಂಡಳು ಅಂತ ಬರೆದಿದ್ದೆ. ಎರಡು ತಿಂಗಳಾಗುವುದರೊಳಗೆ ಒಬ್ಬ ಸದಸ್ಯ ಆ ಕಡೆಯಿಂದ ಈ ಕಡೆಗೆ ಕೈ ಎತ್ತಿದ, ಅಧ್ಯಕ್ಷನ ಕುರ್ಚಿ ಹೋಯಿತು. ಅಲ್ಲಿಯವರೆಗೆ ನಗುತ್ತಲೇ ಓದಿದೆ. ಅದರ ಕೆಳಗೆ ನೀನು ಹೀಗೆ ಬರೆದಿದ್ದೆ: "ಒಬ್ಬ ಕೈ ಎತ್ತಿದ್ದಕ್ಕ ದ್ವೀಪದ ಹಣೇಬರಾನ ಬದಲಾತು ನೋಡು ಅರು. ನಮ್ಮ ವಾರ್ಡಿನ್ಯಾಗ ನಾ ಸೋತಿದ್ದು ಹನ್ನೊಂದು ಓಟಿನಿಂದ. ಆ ಹನ್ನೊಂದು ಮಂದಿ ಯಾರಿರಬಹುದು ಅಂತ ಬೇಕರಿ ಸಾಲಿನ್ಯಾಗ ನಿಂತಾಗೂ ಯೋಚನಿ ಬರ್ತದ."

ನೀಲಾ, ಅವರು ಯಾರೆಂದು ನನಗೆ ಗೊತ್ತು. ಅವರ ಮನೆ ನಂಬರುಗಳೂ ಗೊತ್ತು.

ನಿನಗೆ ತಿಳಿದಿರುವುದನ್ನೇ ಮೊದಲಿನಿಂದ ಬರೆಯುತ್ತೇನೆ, ಬೇಸರಪಡಬೇಡ. ನನ್ನ ಕಡೆಯಿಂದ ನೋಡಿದರೆ ಅದು ಹೇಗಿತ್ತು ಎಂಬುದು ನಿನಗೆ ತಿಳಿಯಬೇಕು.

ಹತ್ತು ವರ್ಷ ನಾವಿಬ್ಬರೂ ಲಿಬರಲ್ ಪಕ್ಷಕ್ಕೆ ದುಡಿದೆವು. ಧಾರವಾಡದ ನೀನು, ಮೈಸೂರಿನ ನಾನು, ಇಬ್ಬರೂ ಒಂದೇ ಜೊತೆ ಬೂಟು ಹಂಚಿಕೊಂಡಂತೆ ಹಿಮದಲ್ಲಿ ಬಾಗಿಲು ಬಡಿದೆವು. ಪಕ್ಷದ ಕೆಂಪು ಬೋರ್ಡು ನೆಡುವಾಗ ನೀನು ಕಂಬ ಹಿಡಿಯುತ್ತಿದ್ದೆ, ನಾನು ಸುತ್ತಿಗೆ ಹೊಡೆಯುತ್ತಿದ್ದೆ. ಕಳೆದ ವರ್ಷ ಜೂನಿನಲ್ಲಿ ಪ್ರಾಂತ್ಯದ ಚುನಾವಣೆ ಬಂತು, ನಮ್ಮ ಪಕ್ಷ ಏಳು ಸೀಟಿಗೆ ಇಳಿಯಿತು. ಆ ವಾರ ನಾವು ಕ್ವೀನ್ ಸ್ಟ್ರೀಟಿನ ಕಾಫಿ ಅಂಗಡಿಯಲ್ಲಿ ಸಾವಿನ ಮನೆಯವರ ಹಾಗೆ ಕೂತಿದ್ದೆವು. ಅಕ್ಟೋಬರಿನ ನಗರಸಭೆ ಚುನಾವಣೆಗೆ ನಮ್ಮ ವಾರ್ಡಿನಿಂದ ನಿಲ್ಲುತ್ತೇನೆಂದು ನೀನು ಹೇಳಿದ್ದು ಅಲ್ಲೇ. ಮೊದಲ ಅರ್ಜಿಯನ್ನು ತುಂಬಿದ್ದು ನನ್ನ ಅಡುಗೆಮನೆಯಲ್ಲಿ.

ನಗರಸಭೆಗೆ ಪಕ್ಷವಿಲ್ಲ, ಚೀಟಿಯ ಮೇಲೆ ಬರೀ ಹೆಸರು. ಆದರೂ ಯಾರ ಹಿಂದೆ ಯಾರಿದ್ದಾರೆ ಎಂಬುದು ಬೀದಿಗೆಲ್ಲ ಗೊತ್ತಿರುತ್ತದೆ. ಜುಲೈ ಕೊನೆಗೆ ಮಧುಸೂದನ್ ಬಂದರು. ಗೆದ್ದ ಕನ್ಸರ್ವೇಟಿವ್ ಪಕ್ಷದಲ್ಲಿ ಓಡಾಡಿಕೊಂಡಿದ್ದವರು. ಅವರ ಜೊತೆ ನಲವತ್ತು ಜನ ಕಾರ್ಯಕರ್ತರು. ನೀನು ಅವರನ್ನೇ ಪ್ರಚಾರದ ಮುಖ್ಯಸ್ಥರನ್ನಾಗಿ ಮಾಡಿದೆ. ನನಗೆ ಫೋನಿನಲ್ಲಿ ಹೇಳಿದೆ: "ಸೋತ ಮಂದಿನ ಕಟ್ಕೊಂಡು ನಾ ಬಸ್ ಸ್ಟಾಪಿಗೆ ಸೂರು ಹಾಕ್ಸಲಿಕ್ಕೆ ಆಗೂದಿಲ್ಲ ಅರು. ನನಗ ಕೆಲಸ ಆಗಬೇಕು." ನಾನು ಸರಿ ಅಂದೆ. ಫೋನ್ ಇಟ್ಟ ಮೇಲೆ ರಮೇಶನ ಹತ್ತಿರ, ನೀಲಾ ತತ್ವ ಮಾರಿಕೊಂಡಳು ಅಂದೆ. ಆಮೇಲೆ ಎಷ್ಟೋ ತಿಂಗಳು ಅದೇ ಮಾತನ್ನು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳಲು ಚೆನ್ನಾಗಿತ್ತು.

ನಿಜ ಏನೆಂದರೆ, ನನಗೆ ನೋವಾದದ್ದು ಪಕ್ಷಕ್ಕಾಗಿ ಅಲ್ಲ. ಸೆಪ್ಟೆಂಬರಿನಲ್ಲಿ ಸಮುದಾಯ ಭವನದಲ್ಲಿ ನಿನ್ನ ಸಭೆ ಆಯಿತಲ್ಲ, ಮಧುಸೂದನ್ ಅವರನ್ನು ವೇದಿಕೆಗೆ ಕರೆದೆ, ಅವರ ನಲವತ್ತು ಜನಕ್ಕೆ ಚಪ್ಪಾಳೆ ಹೊಡೆಸಿದೆ. ಕೊನೆಗೆ ನನ್ನ ಕಡೆ ಕೈ ಮಾಡಿ, "ಇಕಿ ನಮ್ಮ ಅರುಂಧತಿ. ಇಕಿ ಚಹಾ ಇಲ್ಲದಿದ್ರ ನಾ ಇಲ್ಲೀತನಕ ಬರ್ತಿದ್ದಿಲ್ಲ" ಅಂದೆ. ಎಲ್ಲರೂ ನಕ್ಕರು. ನೀನು ಪ್ರೀತಿಯಿಂದಲೇ ಅಂದದ್ದು ಅಂತ ಆಗಲೂ ಗೊತ್ತಿತ್ತು. ಆದರೆ ನಾನು ಹತ್ತು ವರ್ಷ ನಡೆದದ್ದು, ನಿನ್ನ ಭಾಷಣ ಬರೆದದ್ದು, ಬೀದಿ ಬೀದಿಯ ಪಟ್ಟಿ ಮಾಡಿದ್ದು, ಎಲ್ಲ ಸೇರಿ ಒಂದು ಲೋಟ ಚಹಾ ಆಯಿತು. ಪಕ್ಕದಲ್ಲಿದ್ದ ಅಕ್ಷರಾ, "ಅಮ್ಮಾ, that was sweet" ಅಂದಳು. ನಾನೂ ನಕ್ಕೆ.

ಈಗ ಓಟಿನ ದಿನಕ್ಕೆ ಬರುತ್ತೇನೆ, ಅಕ್ಟೋಬರ್ ಇಪ್ಪತ್ತೆರಡು.

ಶನಿವಾರ ಶನಿವಾರ ಸೇರುವ ನಮ್ಮ ಹಿರಿಯರ ಕೂಟದ ಹದಿನೇಳು ಜನರನ್ನು ಮತಗಟ್ಟೆಗೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ಮಕ್ಕಳೆಲ್ಲ ಕೆಲಸಕ್ಕೆ ಹೋಗಿರುತ್ತಾರೆ, ಅವರು ತಾವಾಗಿ ಹೋಗಲಾರರು. ವುಡ್‌ಬ್ರಿಡ್ಜಿಗೆ ಹೋಗಿ ರಮೇಶನ ಗೆಳೆಯ ಭಾಸ್ಕರನ ದೊಡ್ಡ ವ್ಯಾನು ತಂದೆ. ಎರಡು ಟ್ರಿಪ್ಪಿನ ಕೆಲಸ. ಅವರ ಅಪಾರ್ಟ್‌ಮೆಂಟಿಗೆ ತಿರುಗುವ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಮಧುಸೂದನ್ ಫೋನ್ ಮಾಡಿದರು. "ಮೇಡಮ್, ಸೀನಿಯರ್ಸ್ ಪಿಕಪ್ ಆಯ್ತಾ? ಆದ ತಕ್ಷಣ ಮೆಸೇಜ್ ಹಾಕಿ, ಆಮೇಲೆ ಹುಡುಗರಿಗೆ ಸ್ವಲ್ಪ ಚಹಾ ವ್ಯವಸ್ಥೆ ನೋಡ್ಬಿಡಿ" ಅಂದರು. ಪಾಪ, ಅವರಿಗೇನು ಗೊತ್ತು. ಸಿಗ್ನಲ್ ಹಸಿರಾಯಿತು. ನಾನು ತಿರುಗಲಿಲ್ಲ, ನೇರ ಹೋದೆ.

ಆ ಹದಿನೇಳು ಜನರಲ್ಲಿ ಒಬ್ಬರಾದ ಶೇಖಪ್ಪನವರಿಗೆ ಫೋನ್ ಮಾಡಿ ವ್ಯಾನು ಕೆಟ್ಟಿದೆ ಅಂದೆ. ಬೇರೆಯವರಿಗೂ ತಿಳಿಸಿಬಿಡಿ, ನೀಲಾ ಹೇಗೂ ಗೆಲ್ಲುತ್ತಾಳೆ, ಈ ಥಂಡಿಯಲ್ಲಿ ನೀವು ಯಾಕೆ ಕಷ್ಟಪಡುತ್ತೀರಿ ಅಂದೆ. "ಆಕಿ ಆರಿಸಿ ಬರ್ತಾಳಂದ್ರ ಮುಗೀತಲ್ರಿ" ಅಂದರು ಅವರು. ಆಮೇಲೆ ಓಕ್‌ವಿಲ್ ತನಕ ಓಡಿಸಿಕೊಂಡು ಹೋಗಿ ಸರೋವರದ ಪಕ್ಕದ ಪಾರ್ಕಿಂಗಿನಲ್ಲಿ ವ್ಯಾನು ನಿಲ್ಲಿಸಿ ಕೂತೆ. ನೀನು ಸೋಲಲಿ ಎಂದು ನಾನು ಬಯಸಲಿಲ್ಲ, ಇದನ್ನು ನಂಬಿದರೆ ನಂಬು. ಮಧುಸೂದನ್ ಐನೂರು ಓಟಿನಿಂದ ಗೆಲ್ಲುತ್ತೇವೆ ಎಂದು ಹೇಳಿಕೊಂಡು ತಿರುಗುತ್ತಿದ್ದರು. ಗೆಲ್ಲಲಿ, ನನ್ನ ಹದಿನೇಳು ಇಲ್ಲದೆ ಗೆಲ್ಲಲಿ ಎಂದುಕೊಂಡೆ. ನೀನು ಗೆದ್ದ ಮೇಲೆ, ಅದರಲ್ಲಿ ನನ್ನದೇನೂ ಇಲ್ಲವೆಂದು ನನಗೊಬ್ಬಳಿಗೇ ತಿಳಿದಿರಲಿ ಎಂದುಕೊಂಡೆ. ಎಂಥ ಸಣ್ಣ ಬುದ್ಧಿ ನೋಡು. ಒಂದು ಗಂಟೆ ಕಳೆದ ಮೇಲೆ ವಾಪಸು ಹೋಗಿ ಕರೆದುಕೊಂಡು ಬರೋಣ ಅನ್ನಿಸಿತ್ತು. ಮತಗಟ್ಟೆ ಎಂಟರ ತನಕ ತೆರೆದಿತ್ತು, ಟೈಮಿತ್ತು. ಕೆಟ್ಟ ವ್ಯಾನು ಹೇಗೆ ಸರಿಯಾಯಿತು ಅಂತ ಹೇಳುವುದು ಎಂಬ ನಾಚಿಕೆಗೆ ಹೋಗಲಿಲ್ಲ. ನಾಲ್ಕು ಗಂಟೆಗೆ ನೀನು ಫೋನ್ ಮಾಡಿದೆ. ಹದಿನೇಳೂ ಆಯಿತು ಎಂದೆ.

ರಾತ್ರಿ ಎಣಿಕೆ ಮುಗಿದಾಗ ಹನ್ನೊಂದು ಓಟು ಕಮ್ಮಿ. ಅಕ್ಷರಾ ನಿನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ನನಗೂ ಅಳು ಬಂತು, ಯಾಕೆ ಬಂತೆಂದು ನೀನು ತಪ್ಪು ತಿಳಿದೆ. ನನ್ನ ಎರಡೂ ಕೈ ಹಿಡಿದು, "ನೀ ಯಾಕ ಅಳ್ತಿ? ನೀ ಆ ಹದಿನೇಳು ಮಂದೀನ ಕರ್ಕೊಂಡು ಬರದಿದ್ರ ನಾ ಇಪ್ಪತ್ತೆಂಟರಿಂದ ಸೋಲ್ತಿದ್ದೆ" ಅಂದೆ.

ಆ ಮಾತನ್ನು ನಾನು ಹತ್ತು ತಿಂಗಳು ಹೊತ್ತುಕೊಂಡು ತಿರುಗಿದ್ದೇನೆ. ಕೆಲಸದಲ್ಲಿ, ಡೆಂಟಲ್ ಕ್ಲಿನಿಕ್ಕಿನ ರಿಸೆಪ್ಷನ್ ಮೇಜಿನಲ್ಲಿ ಕೂತು ಯಾರಿಗಾದರೂ ಹದಿನೇಳನೇ ತಾರೀಖು ಅಪಾಯಿಂಟ್‌ಮೆಂಟ್ ಕೊಡುವಾಗಲೂ ಕೈ ನಿಲ್ಲುತ್ತದೆ. ಪ್ರಮೋದರಿಗೆ ಅಲ್ಲಿ ಕೆಲಸ ಸಿಕ್ಕಿ ನೀವು ಫೆಬ್ರವರಿಯಲ್ಲಿ ಹೊರಟಾಗ, ಸೋಲದಿದ್ದರೆ ನೀನು ಹೋಗುತ್ತಿರಲಿಲ್ಲ ಎಂದು ಅಂದುಕೊಂಡೆ. ಏರ್‌ಪೋರ್ಟಿನಲ್ಲಿ ಹೇಳೋಣ ಎಂದುಕೊಂಡು ಬಂದವಳು ನಿನಗೆ ಚಟ್ನಿಪುಡಿ ಕೊಟ್ಟು ವಾಪಸು ಬಂದೆ.

ನಿನ್ನೆ ಶನಿವಾರ ಹಿರಿಯರ ಕೂಟಕ್ಕೆ ಹೋಗಿ ಎಲ್ಲರೆದುರು ಹೇಳಿದೆ. ಮೊದಲು ಹೇಳಬೇಕಾದದ್ದು ನಿನಗೆ, ಗೊತ್ತು. ನಿನಗೆ ಹೇಳಿದರೆ ನೀನು ಕ್ಷಮಿಸಿ, ಮುದುಕರಿಗೆ ಯಾಕೆ ಸಂಕಟ, ಬಿಟ್ಟುಬಿಡು ಎನ್ನುತ್ತೀಯೆಂದು ಹೆದರಿದೆ. ನಾನು ಸಂತೋಷವಾಗಿ ಬಿಟ್ಟುಬಿಡುತ್ತಿದ್ದೆ.

ಶೇಖಪ್ಪನವರು ಕೇಳಿದರು: "ನನಗ ಸಿಟಿಜನ್‌ಶಿಪ್ ಬಂದಿದ್ದು ಯಾವಾಗ ಗೊತ್ತೇನ್ರಿ ನಿಮಗ?" ನನಗೆ ಗೊತ್ತಿರಲಿಲ್ಲ. "ಹೋದ ವರ್ಷ ಮಾರ್ಚಿನ್ಯಾಗ. ಜೂನಿನ ಓಟಿಗೆ ದವಾಖಾನ್ಯಾಗಿದ್ದೆ. ಅಕ್ಟೋಬರಿಂದು ನಂದು ಈ ದೇಶದಾಗ ಮೊದಲನೇ ಓಟು ಇತ್ರಿ. ಮುಂಜಾನಿಂದ ಕೋಟ್ ಹಾಕ್ಕೊಂಡು ಕುಂತಿದ್ದೆ. ನೀವು ಮೋಸ ಮಾಡಿದ್ದು ನೀಲಾಂಬಿಕಾ ಒಬ್ಬಾಕಿಗೆ ಅಲ್ಲ." ಎದ್ದು ಹೋದರು. ನೀಲಾ, ಇಷ್ಟು ದಿನ ನಾನು ನಿನ್ನೊಬ್ಬಳ ಲೆಕ್ಕದಲ್ಲೇ ತಪ್ಪು ಮಾಡಿದೆ ಎಂದುಕೊಂಡಿದ್ದೆ. ಅವರ ಕೋಟು ನನ್ನ ತಲೆಗೇ ಬಂದಿರಲಿಲ್ಲ.

ಉಳಿದವರು ಒಬ್ಬೊಬ್ಬರಾಗಿ ಹೋದರು. ಸುಶೀಲವ್ವ ನನ್ನ ಮುಖ ನೋಡದೆ ಚೀಲ ತೆಗೆದುಕೊಂಡರು. ಬೆಳಗಾವಿಯ ಶಾರದವ್ವ ಮಾತ್ರ ಕೂತೇ ಇದ್ದರು. ಎಂಬತ್ತೆರಡು ಅವರಿಗೆ ಈಗ. "ಹದಿನೇಳಲ್ಲ, ಹದಿನಾರು" ಅಂದರು. ನನಗೆ ಅರ್ಥವಾಗಲಿಲ್ಲ. "ವ್ಯಾನು ಬರೂದಿಲ್ಲಂತ ಶೇಖಪ್ಪ ಹೇಳಿದ. ನಾ ಬಸ್ ಹಿಡದು ಹೋದೆ. ಸಾಲ್ಯಾಗ ಓಟು ಹಾಕಿ, ಸಂಜಿಮುಂದ ತಿರುಗಿ ಬಸ್ಸಿಗೆ ನಿಂತಿದ್ದೆ, ನಿನ್ನ ವ್ಯಾನು ಮುಂದ ಹಾದು ಹೋತು. ಕೈ ಮಾಡಿದೆ. ನೀ ನೋಡ್ಲಿಲ್ಲ."

ಹಾಗಾದರೆ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಅಂತ ಕೇಳಿದೆ.

"ನೀನಾಗೇ ಹೇಳ್ತಿ ಅಂತ ಕಾದೆ. ತಡಾ ಮಾಡಿದಿ ನೋಡವಾ."

ಅಷ್ಟೇ. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮನೆಗೆ ಬಿಡುತ್ತೇನೆ ಬನ್ನಿ ಅಂದರೆ ಒಲ್ಲೆ ಅಂದು ಬಸ್ಸಿನ ಕಡೆ ನಡೆದರು. ನೀನು ಹಾಕಿಸಬೇಕೆಂದಿದ್ದ ಸೂರು ಆ ಸ್ಟಾಪಿನಲ್ಲಿ ಇನ್ನೂ ಇಲ್ಲ. ಬಿಸಿಲಲ್ಲೇ ನಿಂತಿದ್ದರು. ನಾನು ಕಾರಿನಲ್ಲಿ ಕೂತು ಬಸ್ಸು ಬರುವ ತನಕ ನೋಡಿದೆ.

ನಿನ್ನೆ ಸಂಜೆ ರಮೇಶನಿಗೂ ಅಕ್ಷರಾಗೂ ಹೇಳಿದೆ. ರಮೇಶ, ಅದೆಲ್ಲ ಮುಗಿದ ಕಥೆ ಅಂದ. ಅಕ್ಷರಾ, "You let me cry on her" ಅಂದಳು. ಬೆಳಿಗ್ಗೆಯಿಂದ ನನ್ನ ಜೊತೆ ಮಾತಾಡಿಲ್ಲ. ಅವಳ ಮೌನ ರಮೇಶನ ಮಾತಿಗಿಂತ ಸರಿ ಅನ್ನಿಸುತ್ತದೆ.

ನೀನು ಕ್ಷಮಿಸಬೇಕೆಂದು ಕೇಳಲು ಈ ಪತ್ರ ಬರೆದದ್ದಲ್ಲ. ಅಲ್ಲಿ ಬೇಕರಿಯ ಸಾಲಿನಲ್ಲಿ ನಿಂತು ನೀನು ಇನ್ನು ಅವರು ಯಾರೋ ಎಂದು ಯೋಚಿಸುವುದು ಬೇಡ. ನಿನಗೆ ಬೆನ್ನು ತಿರುಗಿಸಿದವರು ವಾರ್ಡಿನ ಜನ ಅಲ್ಲ. ಅವರು ಕೋಟು ಹಾಕಿಕೊಂಡು ನಿನಗಾಗಿ ಕಾದಿದ್ದರು. ನೀನು ಕೆಟ್ಟ ಅಭ್ಯರ್ಥಿಯಾಗಿದ್ದೆ, ಮಧುಸೂದನ್ ಜೊತೆ ಹೋದದ್ದು ತಪ್ಪಾಯಿತು ಅಂತೆಲ್ಲ ನೀನು ನಿನ್ನನ್ನು ಬೈದುಕೊಂಡದ್ದನ್ನು ನಾನು ಕೂತು ಕೇಳಿದ್ದೇನೆ, ಹೂಂ ಅಂದಿದ್ದೇನೆ. ಅದೆಲ್ಲ ಸುಳ್ಳು. ನೀನು ಗೆದ್ದಿದ್ದೆ.

ಪ್ರಮೋದರಿಗೆ ಇದನ್ನು ಓದಿ ಹೇಳು. ಉತ್ತರ ಬರೆಯದಿದ್ದರೂ ನನಗೆ ತಿಳಿಯುತ್ತದೆ.

ಹೇಗಿದ್ದರೂ ನಿನ್ನವಳೇ ಎಂದು ಬರೆಯುವ ಹಕ್ಕು ಉಳಿದಿದೆಯೋ ಇಲ್ಲವೋ,
ಅರುಂಧತಿ

ಮರೆತದ್ದಲ್ಲ, ಬರೆಯದೆ ಬಿಟ್ಟದ್ದು: ಕಳೆದ ಸೋಮವಾರ ಪಕ್ಷದ ಇಲ್ಲಿನ ಸಮಿತಿಯಿಂದ ಕಮಲಮ್ಮ ಎಂಬುವರು ಫೋನ್ ಮಾಡಿದ್ದರು. ಗಾಳಿ ಮತ್ತೆ ನಮ್ಮ ಕಡೆ ಬೀಸುತ್ತಿದೆ, ಮುಂದಿನ ಸಲ ಈ ವಾರ್ಡಿಗೆ ನೀವೇ ನಿಲ್ಲಿ, ನೀಲಾಂಬಿಕಾ ಅವರೂ ಇಲ್ಲವಲ್ಲ ಅಂದರು. ಹಿರಿಯರ ಮುಂದೆ ತಪ್ಪೊಪ್ಪಿಕೊಳ್ಳುವುದಕ್ಕೆ ಐದು ದಿನ ಮೊದಲಿನ ಮಾತು ಇದು. ಯೋಚಿಸಿ ಹೇಳುತ್ತೇನೆ ಅಂದೆ. ನಿನ್ನೆ ಅಷ್ಟೆಲ್ಲ ಆದ ಮೇಲೂ ಫೋನ್ ಮಾಡಿ ಬೇಡ ಅಂದಿಲ್ಲ ನೀಲಾ. ಇನ್ನೂ ಅಂದಿಲ್ಲ.